ಒಂದು ಅಗುಳು, ಒಂದು ಸೂಜಿ: ನಾಯಿಗಳ ಲಿಂಫೋಮಾ ಪತ್ತೆಯ ಬಗ್ಗೆ



ಸಮ್ಮೇಳನದ ಮುಖ್ಯ ಭಾಷಣಕ್ಕೆ ಪಶುವೈದ್ಯ ಕ್ಷೇತ್ರದವರನ್ನು ಕರೆದದ್ದಕ್ಕೆ ಸಂಘಟಕರಿಗೆ ಮೊದಲು ಧನ್ಯವಾದ ಹೇಳುತ್ತೇನೆ. ಸಾಹಿತ್ಯ, ಸಾಫ್ಟ್‌ವೇರ್, ವೀಸಾ ಈ ಮೂರನ್ನೂ ಪಕ್ಕಕ್ಕಿಟ್ಟು ಅರ್ಧ ಗಂಟೆ ನಾಯಿಯ ಬಗ್ಗೆ ಕೇಳಲು ನೀವು ಕೂತಿದ್ದೀರಿ. ಅದಕ್ಕೆ ಕಾರಣವೂ ಇದೆ. 2020–21ರಲ್ಲಿ ಎಲ್ಲರೂ ಮನೆಯಿಂದಲೇ ಕೆಲಸ ಮಾಡುತ್ತಿದ್ದಾಗ ಎಡಿಸನ್, ಪ್ಲೇನ್ಸ್‌ಬರೋ, ಪಾರ್ಸಿಪನಿ, ಲಾಂಗ್ ಐಲೆಂಡ್ ಕಡೆಯ ನಮ್ಮವರ ಎಷ್ಟೋ ಮನೆಗಳಿಗೆ ನಾಯಿಮರಿ ಬಂತು. ಮಕ್ಕಳು ಹಟ ಮಾಡಿದರು, ನಾವು ಬಗ್ಗಿದೆವು. ಆ ಮರಿಗಳಿಗೆ ಈಗ ನಡುವಯಸ್ಸು. ನಾಯಿಗಳಲ್ಲಿ ಲಿಂಫೋಮಾ ಎಂಬ ಕ್ಯಾನ್ಸರ್ ಹೆಚ್ಚಾಗಿ ಕಾಣಿಸಿಕೊಳ್ಳುವುದೂ ನಡುವಯಸ್ಸಿನಲ್ಲಿ ಮತ್ತು ಅದರ ನಂತರ.

ಗಂಟುಗಳಿಂದ ಸೂಜಿಯಲ್ಲಿ ತೆಗೆದ ಸ್ಯಾಂಪಲ್‌ಗಳನ್ನು ಸೂಕ್ಷ್ಮದರ್ಶಕದ ಕೆಳಗೆ ನೋಡಿ ವರದಿ ಬರೆಯುವುದು ನನ್ನ ಕೆಲಸ. ನಾಯಿಯ ಮುಖ ನೋಡುವುದು ಅಪರೂಪ, ಅದರ ಜೀವಕೋಶ ನೋಡುವುದು ದಿನನಿತ್ಯ. ಇಂದು ನಾನು ನಿಮಗೆ ಹೇಳಬೇಕೆಂದಿರುವುದು ಒಂದೇ ಮಾತು. ಗಂಟು ಕಂಡರೆ ಮೊದಲು ಸೂಜಿ, ಆಮೇಲೆ ಮಾತ್ರೆ. ಈ ಕ್ರಮ ತಪ್ಪಬಾರದು. ಉಳಿದದ್ದೆಲ್ಲ ಈ ಮಾತಿನ ವಿವರಣೆ.

ಮೊದಲು ರೋಗದ ಪರಿಚಯ. ನಮ್ಮ ಮೈಯಲ್ಲಿರುವ ಹಾಗೆ ನಾಯಿಯ ಮೈಯಲ್ಲೂ ಅಲ್ಲಲ್ಲಿ ದುಗ್ಧಗ್ರಂಥಿಗಳಿವೆ, ನೀವು ಲಿಂಫ್ ನೋಡ್ ಎನ್ನುತ್ತೀರಲ್ಲ, ಅವೇ. ಸೋಂಕಿನ ವಿರುದ್ಧ ಹೋರಾಡುವ ಲಿಂಫೋಸೈಟ್ ಎಂಬ ಬಿಳಿ ರಕ್ತಕಣಗಳ ಠಾಣೆಗಳು ಅವು. ಈ ಕಣಗಳೇ ಅಂಕೆ ಮೀರಿ ಬೆಳೆದರೆ ಲಿಂಫೋಮಾ. ನಾಯಿಗಳಲ್ಲಿ ನೂರಕ್ಕೆ 80ಕ್ಕೂ ಹೆಚ್ಚು ಪ್ರಕರಣಗಳಲ್ಲಿ ಇದು ಮೈಯ ಹಲವು ಗ್ರಂಥಿಗಳಲ್ಲಿ ಒಟ್ಟಿಗೇ ಕಾಣಿಸುತ್ತದೆ. ಕರುಳಿನಲ್ಲಿ, ಎದೆಯೊಳಗೆ, ಚರ್ಮದಲ್ಲಿ ಶುರುವಾಗುವ ಬಗೆಗಳೂ ಇವೆ, ಆದರೆ ಅವು ಕಡಿಮೆ.

ಕೈಗೆ ಸಿಗುವ ಜಾಗಗಳು ಐದು ಜೊತೆ. ದವಡೆಯ ಕೆಳಗೆ, ಭುಜದ ಮುಂದೆ, ಮುಂಗಾಲಿನ ಕಂಕುಳಲ್ಲಿ, ತೊಡೆಯ ಸಂದಿನಲ್ಲಿ, ಹಿಂಗಾಲಿನ ಮೊಣಕಾಲಿನ ಹಿಂದೆ. ಆರೋಗ್ಯವಂತ ನಾಯಿಯಲ್ಲಿ ದವಡೆಯ ಕೆಳಗಿನದೂ ಮೊಣಕಾಲಿನ ಹಿಂದಿನದೂ ಸಣ್ಣ ಕಾಳಿನ ಹಾಗೆ ಸಿಗಬಹುದು, ಕಂಕುಳಿನದು ಸಿಗುವುದೇ ಇಲ್ಲ. ಲಿಂಫೋಮಾದಲ್ಲಿ ಅವು ದ್ರಾಕ್ಷಿಯಷ್ಟು, ನಿಂಬೆಹಣ್ಣಿನಷ್ಟು ದಪ್ಪವಾಗುತ್ತವೆ. ಮುಟ್ಟಿದರೆ ಗಟ್ಟಿ, ಆದರೆ ನಾಯಿಗೆ ನೋವಿಲ್ಲ. ಅದು ಉಣ್ಣುತ್ತದೆ, ಆಡುತ್ತದೆ, ಚೆಂಡು ತರುತ್ತದೆ. ಹಾಗಾಗಿ ಮನೆಯವರು ಇನ್ನೊಂದು ವಾರ ನೋಡೋಣ ಎನ್ನುತ್ತಾರೆ. ಸಾಮಾನ್ಯ ಬಗೆಯ ಲಿಂಫೋಮಾಗೆ ಚಿಕಿತ್ಸೆಯೇ ಇಲ್ಲದಿದ್ದರೆ ಸಿಗುವ ಕಾಲ ಹೆಚ್ಚಿನಂಶ ನಾಲ್ಕರಿಂದ ಆರು ವಾರ. ಅದರಲ್ಲಿ ಒಂದು ವಾರ ಕಾಯುವುದೆಂದರೆ ಎಷ್ಟು ಎಂದು ನೀವೇ ಲೆಕ್ಕ ಹಾಕಿ.

ಹಾಗೆಂದು ಗಂಟು ಸಿಕ್ಕ ತಕ್ಷಣ ಎದೆ ಒಡೆದುಕೊಳ್ಳಬೇಕಾಗಿಲ್ಲ. ಗ್ರಂಥಿ ದಪ್ಪವಾಗಲು ಬೇರೆ ಕಾರಣಗಳು ಎಷ್ಟೋ ಇವೆ. ಹಲ್ಲು ಕೊಳೆತರೆ ದವಡೆಯ ಕೆಳಗಿನ ಗ್ರಂಥಿ ಊದುತ್ತದೆ. ಚರ್ಮದ ಸೋಂಕಿದ್ದರೆ ಮೈಯೆಲ್ಲ ಗ್ರಂಥಿಗಳು ಊದಬಹುದು. ನಾವಿರುವ ನ್ಯೂಜೆರ್ಸಿ, ನ್ಯೂಯಾರ್ಕ್ ಉಣ್ಣೆಹುಳುಗಳ ನಾಡು. ಲೈಮ್ ಕಾಯಿಲೆಗೆ ಆ ಹೆಸರು ಬಂದದ್ದೇ ಪಕ್ಕದ ಕನೆಕ್ಟಿಕಟ್ ರಾಜ್ಯದ ಲೈಮ್ ಎಂಬ ಊರಿನಿಂದ. ಆ ಉಣ್ಣೆಯೇ ತರುವ ಅನಾಪ್ಲಾಸ್ಮಾ ಎಂಬ ಇನ್ನೊಂದು ಸೋಂಕೂ ಇಲ್ಲಿದೆ. ಊರಿನ ಕಡೆ ಎರ್ಲಿಕಿಯಾ ಇದೆ, ನಮ್ಮ ಜನ ‘ಟಿಕ್ ಫೀವರ್’ ಎನ್ನುವುದು ಬಹಳ ಸಲ ಅದನ್ನೇ. ಬೆಂಗಳೂರಿನಿಂದ ನಾಯಿಯನ್ನು ಜೊತೆಗೆ ಕರೆತಂದವರು ಇಲ್ಲಿನ ಡಾಕ್ಟರಿಗೆ ಅದನ್ನು ಮರೆಯದೆ ಹೇಳಬೇಕು. ಇವೆಲ್ಲದರಲ್ಲೂ ಗ್ರಂಥಿ ದಪ್ಪವಾಗುತ್ತದೆ, ಇವೆಲ್ಲಕ್ಕೂ ಔಷಧಿ ಇದೆ.

ಕೈಯಿಂದ ಮುಟ್ಟಿ ಇದು ಸೋಂಕಿನ ಗಂಟು, ಇದು ಕ್ಯಾನ್ಸರಿನ ಗಂಟು ಎಂದು ಖಚಿತವಾಗಿ ಹೇಳಲು ಯಾರಿಗೂ ಆಗದು. ಮೂವತ್ತು ವರ್ಷ ಅನುಭವವಿರುವ ಡಾಕ್ಟರಿಗೂ ಅನುಮಾನವಷ್ಟೇ ಬರುತ್ತದೆ. ಅನುಮಾನವನ್ನು ಉತ್ತರವಾಗಿಸುವುದು ಸೂಜಿ.

ಈ ಸೂಜಿಯ ಕಥೆ ನಮ್ಮ ನ್ಯೂಯಾರ್ಕಿನದೇ. ಗಂಟಿನೊಳಗೆ ಸೂಜಿ ಹಾಕಿ ಕೋಶ ಎಳೆದು ನೋಡುವ ಪ್ರಯತ್ನಗಳು ಅದಕ್ಕೂ ಮೊದಲು ಅಲ್ಲಲ್ಲಿ ನಡೆದಿದ್ದವು. ಆದರೆ ಅದನ್ನು ಆಸ್ಪತ್ರೆಯ ದಿನದ ಕೆಲಸವನ್ನಾಗಿ ಮಾಡಿದ್ದು ಇಲ್ಲಿನ ಮೆಮೋರಿಯಲ್ ಆಸ್ಪತ್ರೆ, ಇಂದಿನ ಮೆಮೋರಿಯಲ್ ಸ್ಲೋನ್ ಕೆಟರಿಂಗ್. ಆಗ ಅದು ಸೆಂಟ್ರಲ್ ಪಾರ್ಕಿನ ಪಶ್ಚಿಮಕ್ಕೆ 106ನೇ ಬೀದಿಯಲ್ಲಿತ್ತು. ತಲೆ ಮತ್ತು ಕುತ್ತಿಗೆಯ ಶಸ್ತ್ರಚಿಕಿತ್ಸಕ ಹೇಯ್ಸ್ ಮಾರ್ಟಿನ್ ಮತ್ತು ಪ್ರಯೋಗಾಲಯದ ತಂತ್ರಜ್ಞ ಎಡ್ವರ್ಡ್ ಎಲ್ಲಿಸ್ ಸೇರಿ 1930ರಲ್ಲಿ ಈ ವಿಧಾನದ ಬಗ್ಗೆ ಪ್ರಬಂಧ ಪ್ರಕಟಿಸಿದರು. ಅದೇ ಆಸ್ಪತ್ರೆಯ ಪೆಥಾಲಜಿಸ್ಟ್ ಫ್ರೆಡ್ ಸ್ಟೀವರ್ಟ್ 1933ರಲ್ಲಿ ತಮ್ಮ ಅನುಭವ ಬರೆದರು. ಸೂಜಿ ಹಾಕುವವರು, ಸ್ಲೈಡ್ ತಯಾರಿಸುವವರು, ಓದುವವರು ಹೀಗೆ ಮೂರು ಕೈ ಸೇರಿದ್ದರಿಂದಲೇ ಅದು ಸಾಧ್ಯವಾಯಿತು. ಇಂದಿಗೂ ಈ ಮೂವರಲ್ಲಿ ಒಬ್ಬರ ಕೈ ಕೆಟ್ಟರೂ ವರದಿ ಕೆಡುತ್ತದೆ.

ಅವರು ಬಳಸಿದ್ದು 18 ಗೇಜಿನ ಸೂಜಿ, ಅಂದರೆ ಒಂದೂಕಾಲು ಮಿಲಿಮೀಟರಿಗೂ ತುಸು ಹೆಚ್ಚು ದಪ್ಪದ್ದು. ಆಮೇಲೆ ಸ್ವೀಡನ್ನಿನ ವೈದ್ಯರು ಇನ್ನೂ ಸಣ್ಣ ಸೂಜಿಯಲ್ಲಿ ಇದೇ ಕೆಲಸ ಸಾಧ್ಯವೆಂದು ತೋರಿಸಿದರು. ಇಂದು ನಾಯಿಗೆ ನಾವು ಬಳಸುವುದು 22ರಿಂದ 25 ಗೇಜಿನದು. 25 ಗೇಜೆಂದರೆ ಅರ್ಧ ಮಿಲಿಮೀಟರ್, ಲಸಿಕೆ ಹಾಕುವ ಸೂಜಿಯಷ್ಟು ಅಥವಾ ಅದಕ್ಕಿಂತ ಸಣ್ಣದು. ನಮ್ಮ ಗಾದೆ ಇದೆಯಲ್ಲ, ಉಗುರಲ್ಲಿ ಹೋಗುವುದಕ್ಕೆ ಕೊಡಲಿ ಏಕೆ ಎಂದು. ಬಹುಪಾಲು ಲಿಂಫೋಮಾಗಳ ಪತ್ತೆಗೆ ಈ ಉಗುರು ಸಾಕು.

ಇನ್ನು ಕೆಲಸ ಹೇಗೆ ನಡೆಯುತ್ತದೆ ನೋಡೋಣ. ಅರಿವಳಿಕೆ ಬೇಕಾಗಿಲ್ಲ. ನಾಯಿಯನ್ನು ಒಬ್ಬರು ಹಿಡಿದುಕೊಳ್ಳುತ್ತಾರೆ, ಡಾಕ್ಟರು ಗ್ರಂಥಿಯನ್ನು ಎರಡು ಬೆರಳ ನಡುವೆ ನಿಲ್ಲಿಸಿ ಸೂಜಿ ಹಾಕುತ್ತಾರೆ. ಸಿರಿಂಜಿನಿಂದ ಜೋರಾಗಿ ಎಳೆಯುವುದಕ್ಕಿಂತ, ಬರೀ ಸೂಜಿಯನ್ನೇ ಮರಕುಟುಕ ಹಕ್ಕಿ ಕುಟುಕಿದ ಹಾಗೆ ನಾಲ್ಕಾರು ಸಲ ಹಿಂದೆ ಮುಂದೆ ಆಡಿಸುವುದು ಲಿಂಫ್ ಗ್ರಂಥಿಗೆ ಒಳ್ಳೆಯದು. ಕೋಶಗಳು ತಾವಾಗಿ ಸೂಜಿಯ ಕೊಳವೆಯೊಳಗೆ ಏರುತ್ತವೆ. ಆಮೇಲೆ ಸಿರಿಂಜಿನ ಗಾಳಿಯಿಂದ ಅದನ್ನು ಗಾಜಿನ ಸ್ಲೈಡಿನ ಮೇಲೆ ಉದುರಿಸಿ, ಇನ್ನೊಂದು ಸ್ಲೈಡಿನಿಂದ ಹಗುರವಾಗಿ ಹರಡಬೇಕು. ಲಿಂಫೋಸೈಟ್‌ಗಳು ಬಹಳ ನಾಜೂಕು. ದೋಸೆ ಹಿಟ್ಟು ಹರಡುವಾಗ ಸೌಟು ಒತ್ತಿದರೆ ದೋಸೆ ಹರಿಯುವಂತೆ, ಸ್ವಲ್ಪ ಒತ್ತಿದರೂ ಕೋಶ ಒಡೆದು ನೇರಳೆ ಬಣ್ಣದ ಎಳೆಗಳಷ್ಟೇ ಉಳಿಯುತ್ತವೆ. ನನ್ನ ಮೇಜಿಗೆ ಬರುವ ಸ್ಲೈಡುಗಳಲ್ಲಿ ಓದಲಾಗದವು ಹೆಚ್ಚಾಗಿ ಕೆಟ್ಟಿರುವುದು ಹೀಗೆ.

ಯಾವ ಗ್ರಂಥಿ ಎಂಬುದೂ ಮುಖ್ಯ. ದವಡೆಯ ಕೆಳಗಿನದು ಸುಲಭವಾಗಿ ಸಿಗುತ್ತದೆ, ಆದರೆ ಬಾಯಿಯ ಕೊಳೆಯೆಲ್ಲ ಹರಿದು ಬರುವುದು ಅಲ್ಲಿಗೇ. ಹಾಗಾಗಿ ಅದು ಸೋಂಕಿನಿಂದ ಸದಾ ಸ್ವಲ್ಪ ಕೆರಳಿರುತ್ತದೆ, ಜೊತೆಗೆ ಪಕ್ಕದಲ್ಲೇ ಇರುವ ಜೊಲ್ಲಿನ ಗ್ರಂಥಿಗೆ ಸೂಜಿ ಹೋಗುವ ಸಾಧ್ಯತೆಯೂ ಇದೆ. ಮೊಣಕಾಲಿನ ಹಿಂದಿನದು ಅಥವಾ ಭುಜದ ಮುಂದಿನದು ಹೆಚ್ಚು ನಂಬಿಕಸ್ಥ. ಒಂದೇ ಗ್ರಂಥಿಗೆ ನಿಲ್ಲದೆ ಕನಿಷ್ಠ ಎರಡರಿಂದ ಸ್ಯಾಂಪಲ್ ತೆಗೆಯುವುದು ಕ್ಷೇಮ. ಬಹಳ ದೊಡ್ಡ ಗಂಟಿನ ನಡುವೆ ಕೋಶಗಳು ಸತ್ತಿರಬಹುದಾದ್ದರಿಂದ ಅತಿ ದೊಡ್ಡದನ್ನೇ ಆರಿಸಬೇಕೆಂದಿಲ್ಲ. ಇನ್ನೊಂದು ಸಣ್ಣ ವಿಷಯ. ಸೂಜಿಯ ಸ್ಲೈಡನ್ನು ಬಯಾಪ್ಸಿಯ ಫಾರ್ಮಲಿನ್ ಡಬ್ಬಿಯ ಜೊತೆ ಒಂದೇ ಚೀಲದಲ್ಲಿ ಕಳಿಸಬಾರದು. ಫಾರ್ಮಲಿನ್ನಿನ ಆವಿ ತಗುಲಿದರೆ ಬಣ್ಣ ಸರಿಯಾಗಿ ಹಿಡಿಯುವುದಿಲ್ಲ.

ಬಣ್ಣ ಹಾಕಿದ ಸ್ಲೈಡಿನಲ್ಲಿ ನಾನು ನೋಡುವುದೇನು? ಅಳತೆಗೋಲು ಅಲ್ಲೇ ಇರುತ್ತದೆ. ನಾಯಿಯ ಕೆಂಪು ರಕ್ತಕಣದ ಅಗಲ ಒಂದು ಮಿಲಿಮೀಟರಿನ ಸಾವಿರದಲ್ಲಿ ಸುಮಾರು ಏಳು ಭಾಗ. ಆರೋಗ್ಯವಂತ ಗ್ರಂಥಿಯಲ್ಲಿ ಹೆಚ್ಚಿನವು ಸಣ್ಣ ಲಿಂಫೋಸೈಟ್‌ಗಳು. ಅವುಗಳ ಕೋಶಕೇಂದ್ರ ಒಂದು ಅಥವಾ ಒಂದೂವರೆ ಕೆಂಪು ಕಣದಷ್ಟು ಅಗಲ. ದೊಡ್ಡ, ಎಳೆಯ ಕೋಶಗಳ ಕೇಂದ್ರ ಎರಡು ಕೆಂಪು ಕಣಕ್ಕಿಂತ ಹೆಚ್ಚು. ಸೋಂಕಿನಿಂದ ಊದಿದ ಗ್ರಂಥಿಯಲ್ಲಿ ಎಲ್ಲ ಬಗೆಯವೂ ಬೆರೆತಿರುತ್ತವೆ, ಜಾತ್ರೆಯಲ್ಲಿ ಮುದುಕರು, ಮಕ್ಕಳು, ವ್ಯಾಪಾರಿಗಳು ಎಲ್ಲರೂ ಇರುವ ಹಾಗೆ. ಲಿಂಫೋಮಾದಲ್ಲಿ ಆ ವೈವಿಧ್ಯ ಮಾಯವಾಗುತ್ತದೆ. ಕಣ್ಣು ಹಾಯಿಸಿದಷ್ಟು ದೂರ ಒಂದೇ ಅಚ್ಚಿನ ದೊಡ್ಡ ಕೋಶಗಳು. ಅರ್ಧಕ್ಕಿಂತ ಹೆಚ್ಚು ಕೋಶಗಳು ಹೀಗೆ ದೊಡ್ಡವಾಗಿದ್ದರೆ ಲಿಂಫೋಮಾ ಎಂದು ಬರೆಯುತ್ತೇವೆ. ಸ್ಲೈಡ್ ಚೆನ್ನಾಗಿದ್ದರೆ ಈ ಉತ್ತರ ಒಂದೆರಡು ದಿನದಲ್ಲಿ ಸಿಗುತ್ತದೆ. ಖರ್ಚು ಸಾಮಾನ್ಯವಾಗಿ ಕೆಲವು ನೂರು ಡಾಲರಿನ ಒಳಗೆ.

ಅನ್ನ ಬೆಂದಿದೆಯೇ ಎಂದು ನೋಡಲು ಇಡೀ ಪಾತ್ರೆ ಬಗ್ಗಿಸಬೇಕಾಗಿಲ್ಲ, ಒಂದು ಅಗುಳು ಹಿಸುಕಿದರೆ ಸಾಕು. ಸೂಜಿಯ ಸ್ಯಾಂಪಲ್ ಅಂಥ ಅಗುಳು. ಆದರೆ ಅಗುಳಿಗೂ ಮಿತಿ ಇದೆ. ಅದು ಬೆಂದಿದೆಯೋ ಇಲ್ಲವೋ ಹೇಳುತ್ತದೆ, ಯಾವ ಗದ್ದೆಯ ಭತ್ತ ಎಂದು ಹೇಳುವುದಿಲ್ಲ. ಈ ಮಿತಿ ಗೊತ್ತಿಲ್ಲದಿದ್ದರೆ ವರದಿ ಕೈಗೆ ಬಂದಾಗ ಗೊಂದಲವಾಗುತ್ತದೆ.

ವರದಿಯಲ್ಲಿ ಮೂರು ಬಗೆಯ ಉತ್ತರ ಬರಬಹುದು. ಹೌದು, ಲಿಂಫೋಮಾ. ಅಲ್ಲ, ಇದು ಕೆರಳಿದ ಗ್ರಂಥಿ. ಮೂರನೆಯದು, ಇಷ್ಟರಿಂದ ಹೇಳಲಾಗದು. ಮೂರನೆಯದನ್ನು ಕಂಡು ಜನ ಸಿಟ್ಟಾಗುತ್ತಾರೆ, ದುಡ್ಡು ದಂಡವಾಯಿತು ಎನ್ನುತ್ತಾರೆ. ಹಾಗಲ್ಲ. ರೋಗ ಬಹಳ ಆರಂಭದಲ್ಲಿದ್ದರೆ ಒಳ್ಳೆಯ ಕೋಶ, ಕೆಟ್ಟ ಕೋಶ ಬೆರೆತಿರುತ್ತವೆ. ಇನ್ನು ಕೆಲವು ಲಿಂಫೋಮಾಗಳಲ್ಲಿ ಕ್ಯಾನ್ಸರ್ ಕೋಶಗಳೇ ಸಣ್ಣವಾಗಿದ್ದು, ನೋಡಲು ಸಹಜ ಕೋಶಗಳಂತೆ ಇರುತ್ತವೆ. ಟಿ-ಜೋನ್ ಲಿಂಫೋಮಾ ಎಂಬುದು ಹಾಗೆ, ಗೋಲ್ಡನ್ ರಿಟ್ರೀವರ್ ತಳಿಯಲ್ಲಿ ಹೆಚ್ಚು. ಇದು ಬಹಳ ನಿಧಾನದ ರೋಗ, ಎಷ್ಟೋ ನಾಯಿಗಳು ಕೀಮೋ ಇಲ್ಲದೆಯೂ ವರ್ಷಗಟ್ಟಲೆ ಚೆನ್ನಾಗಿರುತ್ತವೆ. ಅಂಥ ನಾಯಿಗೆ ಅವಸರದಲ್ಲಿ ಕಠಿಣ ಚಿಕಿತ್ಸೆ ಶುರು ಮಾಡಿದರೆ ನಾಯಿಗೂ ಕಷ್ಟ, ಮನೆಯವರಿಗೂ ಕಷ್ಟ. ‘ಹೇಳಲಾಗದು’ ಎಂಬ ಪ್ರಾಮಾಣಿಕ ಉತ್ತರ ಆ ಕಷ್ಟದಿಂದ ಉಳಿಸುತ್ತದೆ.

ಗದ್ದೆ ಯಾವುದೆಂದು ತಿಳಿಯಲು ಮುಂದಿನ ಪರೀಕ್ಷೆಗಳಿವೆ. ಲಿಂಫೋಸೈಟ್‌ಗಳಲ್ಲಿ ಬಿ ಮತ್ತು ಟಿ ಎಂದು ಎರಡು ಕುಲ. ನಾಯಿಗಳ ಲಿಂಫೋಮಾದಲ್ಲಿ ಬಿ ಕುಲದ್ದೇ ಹೆಚ್ಚು, ಅದು ಚಿಕಿತ್ಸೆಗೆ ಹೆಚ್ಚು ಬಗ್ಗುತ್ತದೆ. ಆಗಲೇ ಹೇಳಿದ ನಿಧಾನದ ಬಗೆಯನ್ನು ಬಿಟ್ಟರೆ ಟಿ ಕುಲದ್ದು ಹಟಮಾರಿ. ಇದನ್ನು ಬೇರ್ಪಡಿಸಲು ಫ್ಲೋ ಸೈಟೋಮೆಟ್ರಿ ಎಂಬ ಪರೀಕ್ಷೆ ಇದೆ. ಅದಕ್ಕೂ ಸೂಜಿಯ ಸ್ಯಾಂಪಲ್ಲೇ ಸಾಕು, ಆದರೆ ಕೋಶಗಳು ಜೀವಂತ ಇರಬೇಕು. ಸ್ಲೈಡಿನ ಮೇಲೆ ಒಣಗಿಸದೆ, ದ್ರವದಲ್ಲಿ ಹಾಕಿ, ತಣ್ಣಗಿಟ್ಟು, ಬೇಗ ಕಳಿಸಬೇಕು. ಶುಕ್ರವಾರ ಸಂಜೆ ತೆಗೆದ ಸ್ಯಾಂಪಲ್ ಶನಿವಾರ ಭಾನುವಾರ ಕೊರಿಯರ್ ಗೋದಾಮಿನಲ್ಲಿ ಕೂತರೆ ಕೋಶ ಸಾಯುತ್ತವೆ. ಆದ್ದರಿಂದ ಸಾಧ್ಯವಾದರೆ ವಾರದ ಮೊದಲ ದಿನಗಳಲ್ಲಿ ಅಪಾಯಿಂಟ್‌ಮೆಂಟ್ ಕೇಳಿ. ಇನ್ನೊಂದು ಪಾರ್ ಎಂಬ ಡಿಎನ್‌ಎ ಪರೀಕ್ಷೆ. ಈ ಕೋಶಗಳೆಲ್ಲ ಒಂದೇ ತಾಯಿಯ ಮಕ್ಕಳೇ ಅಥವಾ ಊರ ಜನರೇ ಎಂದು ಅದು ನೋಡುತ್ತದೆ. ಕ್ಯಾನ್ಸರಾದರೆ ಒಂದೇ ಕೋಶದ ಸಂತತಿ ತುಂಬಿರುತ್ತದೆ. ಇದನ್ನು ಒಣಗಿದ, ಬಣ್ಣ ಹಾಕಿದ ಸ್ಲೈಡಿನಿಂದಲೂ ಮಾಡಬಹುದು. ಇಷ್ಟರ ಮೇಲೂ ಸಂಶಯ ಉಳಿದರೆ ಅಥವಾ ರೋಗದ ನಿಖರ ಉಪಬಗೆ ಬೇಕೆಂದರೆ ಗ್ರಂಥಿಯನ್ನೇ ತೆಗೆದು ಬಯಾಪ್ಸಿ ಮಾಡಬೇಕು. ಗ್ರಂಥಿಯ ಒಳರಚನೆ ಹೇಗಿದೆ ಎಂಬುದನ್ನು ಬಿಡಿ ಕೋಶಗಳಲ್ಲಿ ನೋಡಲಾಗದು, ಅದಕ್ಕೆ ಕೊಡಲಿಯೇ ಬೇಕು.

ಈಗ ನಾನು ಮೊದಲೇ ಹೇಳಿದ ಮಾತಿಗೆ ಬರುತ್ತೇನೆ. ಪ್ರೆಡ್ನಿಸೋನ್ ಎಂಬ ಸ್ಟೀರಾಯ್ಡ್ ಮಾತ್ರೆ ನಿಮಗೆಲ್ಲ ಗೊತ್ತು. ನಾಯಿಗೆ ತುರಿಕೆ ಬಂದರೆ, ಊತ ಬಂದರೆ ಕೊಡುವುದುಂಟು. ಅಗ್ಗ, ಬೇಗ ಗುಣ ಕಾಣಿಸುತ್ತದೆ. ತೊಂದರೆ ಏನೆಂದರೆ ಅದು ಲಿಂಫೋಸೈಟ್‌ಗಳನ್ನು ಕೊಲ್ಲುತ್ತದೆ. ಲಿಂಫೋಮಾ ಇರುವ ನಾಯಿಗೆ ಕೊಟ್ಟರೆ ಕೆಲವೇ ದಿನಗಳಲ್ಲಿ ಗಂಟು ಇಳಿಯುತ್ತದೆ. ಮನೆಯವರಿಗೆ ಸಂತೋಷ. ಆದರೆ ಕ್ಯಾನ್ಸರ್ ಹೋಗಿಲ್ಲ, ತಲೆ ತಗ್ಗಿಸಿದೆ ಅಷ್ಟೆ. ಆಗ ಸೂಜಿ ಹಾಕಿದರೆ ಸರಿಯಾದ ಕೋಶ ಸಿಗದೆ ಉತ್ತರ ಮಸುಕಾಗುತ್ತದೆ. ಇನ್ನೂ ಕೆಟ್ಟದ್ದು, ಉಳಿದ ಕೋಶಗಳು ಔಷಧಿಗೆ ಒಗ್ಗಿಕೊಂಡು ಮುಂದಿನ ಕೀಮೋಗೂ ಸರಿಯಾಗಿ ಬಗ್ಗದಂತೆ ಆಗಬಹುದು.

ಒಂದು ಮನೆಯ ವಿಷಯ ಹೇಳುತ್ತೇನೆ, ಗುರುತು ಬೇಡ. ಸೆಂಟ್ರಲ್ ಜೆರ್ಸಿಯ ಕನ್ನಡ ಕುಟುಂಬ, ಏಳು ವರ್ಷದ ಲ್ಯಾಬ್ರಡಾರ್. ಗಂಟನ್ನು ಮೊದಲು ಕಂಡವರು ಮೈಸೂರಿನಿಂದ ಆರು ತಿಂಗಳಿಗೆ ಬಂದಿದ್ದ ಅಜ್ಜಿ. ದಿನಾ ಬೆಳಿಗ್ಗೆ ಕಾಫಿ ಕುಡಿಯುವಾಗ ಅದರ ಕುತ್ತಿಗೆ ಸವರುತ್ತಿದ್ದ ಅವರ ಬೆರಳಿಗೆ ಅದು ಸಿಕ್ಕಿತು. ತೋರಿಸಿದ ಕಡೆ ಅಲರ್ಜಿ ಇರಬಹುದೆಂದು ಪ್ರೆಡ್ನಿಸೋನ್ ಕೊಟ್ಟರು. ನಾಲ್ಕು ದಿನದಲ್ಲಿ ಗಂಟು ಮಾಯ. ಮೂರು ವಾರದ ನಂತರ ದುಪ್ಪಟ್ಟಾಗಿ ಬಂತು. ಆಗ ಪರಿಚಯದವರ ಮೂಲಕ ನನಗೆ ಫೋನ್ ಬಂತು. ಸೂಜಿ ಹಾಕಿಸಿದರು, ಮೊದಲ ಸ್ಲೈಡಿನಲ್ಲಿ ಹೆಚ್ಚಿನ ಕೋಶಗಳು ಸತ್ತಿದ್ದವು. ಇನ್ನೊಂದು ಗ್ರಂಥಿಯಿಂದ ಮತ್ತೆ ತೆಗೆಸಿ, ಫ್ಲೋ ಮಾಡಿಸಿ, ಬಿ ಕುಲದ ಲಿಂಫೋಮಾ ಎಂದು ಖಚಿತವಾಗುವಷ್ಟರಲ್ಲಿ ಇನ್ನೂ ಹನ್ನೆರಡು ದಿನ ಹೋಯಿತು. ಅಜ್ಜಿ ಫೋನಿನಲ್ಲಿ ಕೇಳಿದ್ದು ಒಂದೇ ಪ್ರಶ್ನೆ. “ಡಾಕ್ಟ್ರೇ, ಆ ಮಾತ್ರೆಗೆ ಮುಂಚೆ ಚುಚ್ಚಿದ್ರೆ ಗೊತ್ತಾಗ್ತಿತ್ತಾ?” ಗೊತ್ತಾಗುತ್ತಿತ್ತು ಅಮ್ಮಾ ಎಂದೆ. ಬೇರೆ ಉತ್ತರ ಇರಲಿಲ್ಲ.

ಚಿಕಿತ್ಸೆ ಮಾಡಿಸುವುದೋ ಬಿಡುವುದೋ ಎಂಬುದು ಆ ಮನೆಯವರ ನಿರ್ಧಾರವಾಗಬೇಕಿತ್ತು. ಅವರು ಕೂತು ಮಾತಾಡುವ ಮೊದಲೇ ಮಾತ್ರೆ ಅರ್ಧ ನಿರ್ಧಾರ ಮಾಡಿಬಿಟ್ಟಿತ್ತು. ನನಗೆ ಬೇಸರ ಇರುವುದು ಅದಕ್ಕೆ.

ಹಾಗಾಗಿ ಕೇಳುವುದಿಷ್ಟು. ಗಂಟಿರುವ ನಾಯಿಗೆ ಯಾರಾದರೂ ಸ್ಟೀರಾಯ್ಡ್ ಬರೆದರೆ, “ಇದನ್ನು ಶುರು ಮಾಡುವ ಮುಂಚೆ ಸೂಜಿ ಸ್ಯಾಂಪಲ್ ತೆಗೆಯಬಹುದಾ?” ಎಂದು ವಿನಯದಿಂದ ಕೇಳಿ. ಡಾಕ್ಟರಿಗೆ ಎದುರಾಡಿದ ಹಾಗಾಗುತ್ತದೆ ಎಂಬ ಸಂಕೋಚ ನಮ್ಮವರಿಗೆ ಬಹಳ. ಇದು ಎದುರಾಡುವುದಲ್ಲ, ಇಲ್ಲಿ ಎಲ್ಲರೂ ಕೇಳುತ್ತಾರೆ. ನಾಯಿಗೆ ತುರಿಕೆಗೆಂದು ಮೊದಲಿನಿಂದ ಸ್ಟೀರಾಯ್ಡ್ ಕೊಡುತ್ತಿದ್ದರೆ ಅದನ್ನು ಮುಚ್ಚಿಡದೆ ಹೇಳಿ. ನೀವಾಗಿಯೇ ದಿಢೀರನೆ ನಿಲ್ಲಿಸಲೂಬೇಡಿ, ಅದರಿಂದ ಬೇರೆ ತೊಂದರೆ ಆಗುತ್ತದೆ. ಉಸಿರಾಟಕ್ಕೇ ತೊಂದರೆಯಾಗಿ ತುರ್ತಾಗಿ ಸ್ಟೀರಾಯ್ಡ್ ಕೊಡಬೇಕಾದ ಸಂದರ್ಭವೂ ಇರುತ್ತದೆ. ಆಗ ಜೀವ ಮೊದಲು. ಆದರೆ ಅಲ್ಲೂ ಸೂಜಿಗೆ ಬೇಕಾದದ್ದು ಒಂದೆರಡು ನಿಮಿಷ.

ನಮ್ಮಲ್ಲಿ ಇನ್ನೊಂದು ಭಯ ಇದೆ. ಗಂಟಿಗೆ ಸೂಜಿ ಚುಚ್ಚಿದರೆ ಕ್ಯಾನ್ಸರ್ ಹರಡುತ್ತದೆ ಎಂದು. ಊರಿನಿಂದ ಫೋನ್ ಮಾಡಿ ‘ಮುಟ್ಟಿಸಬೇಡಿ’ ಎನ್ನುವವರು ಇದ್ದಾರೆ. ಮೂತ್ರಕೋಶದ ಕೆಲವು ಗೆಡ್ಡೆಗಳಂಥ ಬೇರೆ ಕ್ಯಾನ್ಸರ್‌ಗಳಲ್ಲಿ ಸೂಜಿಯ ದಾರಿಯಲ್ಲಿ ಕೋಶ ಬೆಳೆದ ಉದಾಹರಣೆಗಳಿವೆ, ಅಲ್ಲಿ ಡಾಕ್ಟರು ಎಚ್ಚರ ವಹಿಸುತ್ತಾರೆ. ಲಿಂಫೋಮಾಗೆ ಈ ಭಯ ಅನ್ವಯಿಸುವುದಿಲ್ಲ. ಲಿಂಫೋಸೈಟ್‌ಗಳ ಸ್ವಭಾವವೇ ಮೈಯೆಲ್ಲ ಸುತ್ತುವುದು. ನಾವು ಸೂಜಿ ಹಿಡಿಯುವ ಮೊದಲೇ ಅವು ಎಲ್ಲೆಡೆ ಓಡಾಡಿರುತ್ತವೆ.

ಲಿಂಫೋಮಾ ಎಂದು ಖಚಿತವಾದ ಮೇಲೆ ಮುಂದಿನ ಪ್ರಶ್ನೆ, ಎಷ್ಟು ದೂರ ಹೋಗಿದೆ? ಇದಕ್ಕೆ ಸ್ಟೇಜಿಂಗ್ ಎನ್ನುತ್ತಾರೆ. ಒಂದೇ ಗ್ರಂಥಿಯಾದರೆ 1ನೇ ಹಂತ. ಮೈಯ ಒಂದು ಭಾಗದ ಹಲವು ಗ್ರಂಥಿಗಳಾದರೆ 2. ಮೈಯೆಲ್ಲದ ಗ್ರಂಥಿಗಳಾದರೆ 3. ಪಿತ್ತಕೋಶದ ಮಾತಲ್ಲ, ಯಕೃತ್ತು ಅಥವಾ ಗುಲ್ಮ ಸೇರಿದರೆ 4. ರಕ್ತ, ಮೂಳೆಯ ಮಜ್ಜೆ, ಇತರ ಅಂಗಗಳಾದರೆ 5. ಇದರ ಜೊತೆಗೆ ‘ಎ’ ಮತ್ತು ‘ಬಿ’. ನಾಯಿ ಲವಲವಿಕೆಯಿಂದ ಇದ್ದರೆ ಎ, ಊಟ ಬಿಟ್ಟು ಸೊರಗಿದ್ದರೆ ಬಿ. ಕುಲದ ‘ಬಿ’ ಬೇರೆ, ಈ ‘ಬಿ’ ಬೇರೆ, ವರದಿ ಓದುವಾಗ ಎರಡನ್ನೂ ಕಲೆಸಬೇಡಿ. ರಕ್ತಪರೀಕ್ಷೆ, ಎದೆಯ ಎಕ್ಸ್-ರೇ, ಹೊಟ್ಟೆಯ ಅಲ್ಟ್ರಾಸೌಂಡ್ ಮಾಡುತ್ತಾರೆ. ಯಕೃತ್ತು, ಗುಲ್ಮಗಳಿಗೂ ಅಲ್ಟ್ರಾಸೌಂಡ್ ನೋಡುತ್ತಾ ಇದೇ ಸಣ್ಣ ಸೂಜಿ ಹಾಕಬಹುದು. ರಕ್ತದಲ್ಲಿ ಕ್ಯಾಲ್ಸಿಯಂ ಏರಿದ್ದರೆ ಅದು ಟಿ ಕುಲದ, ಎದೆಯೊಳಗೆ ಬೆಳೆದ ಲಿಂಫೋಮಾದ ಸುಳಿವಾಗಿರಬಹುದು. ಅಂಥ ನಾಯಿ ವಿಪರೀತ ನೀರು ಕುಡಿದು ಪದೇ ಪದೇ ಮೂತ್ರ ಮಾಡುತ್ತದೆ.

ಎಲ್ಲ ಪರೀಕ್ಷೆಯನ್ನೂ ಎಲ್ಲರೂ ಮಾಡಿಸಲೇಬೇಕೇ? ಇಲ್ಲ. 3ನೇ ಹಂತಕ್ಕೂ 4ನೇ ಹಂತಕ್ಕೂ ಚಿಕಿತ್ಸೆಯಲ್ಲಿ ಅಷ್ಟೇನೂ ವ್ಯತ್ಯಾಸವಿಲ್ಲ. ಕೈಯಲ್ಲಿರುವ ಹಣ ಸೀಮಿತವಾಗಿದ್ದರೆ ಸೂಜಿ ಪರೀಕ್ಷೆ, ಕ್ಯಾಲ್ಸಿಯಂ ಸೇರಿದ ರಕ್ತಪರೀಕ್ಷೆ, ಬಿ ಅಥವಾ ಟಿ ಎಂಬ ಉತ್ತರ ಇವಿಷ್ಟಕ್ಕೆ ಆದ್ಯತೆ ಕೊಡಿ. “ಈ ಪರೀಕ್ಷೆಯ ಉತ್ತರದಿಂದ ನಮ್ಮ ನಿರ್ಧಾರ ಬದಲಾಗುತ್ತದೆಯೇ?” ಎಂದು ಪ್ರತಿಯೊಂದಕ್ಕೂ ಕೇಳಿ. ಬದಲಾಗುವುದಿಲ್ಲ ಎಂದರೆ ಅದನ್ನು ಬಿಡಬಹುದು.

ಚಿಕಿತ್ಸೆಯ ಲೆಕ್ಕವನ್ನೂ ನೇರವಾಗಿ ಹೇಳುತ್ತೇನೆ. ಚಾಪ್ ಎಂಬ ನಾಲ್ಕು ಔಷಧಿಗಳ ಕೀಮೋ ಇದೆ, ಐದಾರು ತಿಂಗಳ ಅವಧಿಯದು. ನೂರಕ್ಕೆ 80ರಿಂದ 90 ನಾಯಿಗಳಲ್ಲಿ ಗಂಟು ಇಳಿದು ರೋಗ ಹಿಮ್ಮೆಟ್ಟುತ್ತದೆ. ಬಿ ಕುಲದವುಗಳಲ್ಲಿ ಅರ್ಧದಷ್ಟು ನಾಯಿಗಳು ಸುಮಾರು ಒಂದು ವರ್ಷ ದಾಟುತ್ತವೆ, ಟಿ ಕುಲದ ಹಟಮಾರಿ ಬಗೆಗಳಲ್ಲಿ ಆರರಿಂದ ಒಂಬತ್ತು ತಿಂಗಳು. ಪೂರ್ತಿ ವಾಸಿಯಾಗುವುದು ಅಪರೂಪ. ಕೂದಲುದುರಿ ವಾಂತಿ ಮಾಡುತ್ತಾ ಮಲಗುವ ಮನುಷ್ಯರ ಕೀಮೋ ಚಿತ್ರ ಇಲ್ಲಿ ಬೇಡ. ನಾಯಿಗಳಿಗೆ ಪ್ರಮಾಣ ಕಡಿಮೆ ಇಡುತ್ತಾರೆ, ಗುರಿ ಇರುವುದು ಒಳ್ಳೆಯ ದಿನಗಳ ಮೇಲೆ. ಪ್ರೆಡ್ನಿಸೋನ್ ಒಂದನ್ನೇ ಕೊಟ್ಟರೆ ಒಂದೆರಡು ತಿಂಗಳು. ಇವೆರಡರ ನಡುವೆ ಟನೋವಿಯಾ ಎಂಬ ಔಷಧಿ ಇದೆ. ನಾಯಿಗಳ ಲಿಂಫೋಮಾಗೆಂದೇ 2021ರಲ್ಲಿ ಅಮೆರಿಕದ ಎಫ್‌ಡಿಎ ಅದಕ್ಕೆ ಪೂರ್ಣ ಒಪ್ಪಿಗೆ ಕೊಟ್ಟಿತು.

ಚಾಪ್‌ನ ನಾಲ್ಕರಲ್ಲಿ ಒಂದು ವಿನ್‌ಕ್ರಿಸ್ಟಿನ್. ಅದು ಬಂದದ್ದು ನಮ್ಮ ಅಂಗಳಗಳಲ್ಲಿ ನೀರಿಲ್ಲದೆಯೂ ಹೂ ಬಿಡುವ ಕಾಶಿ ಕಣಗಿಲೆಯಿಂದ, ನಿತ್ಯಪುಷ್ಪ ಎನ್ನುತ್ತೀರಲ್ಲ, ಅದೇ ಗಿಡದಿಂದ. ಗಿಡದ ಎಲೆ ಅರೆದು ನಾಯಿಗೆ ಕುಡಿಸಲು ಮಾತ್ರ ಹೋಗಬೇಡಿ, ಅದು ವಿಷ. ಊರಿನಲ್ಲಿ ಬೀದಿ ನಾಯಿಗಳಿಗೆ ಒಂದರಿಂದ ಒಂದಕ್ಕೆ ಅಂಟುವ ಜನನಾಂಗದ ಗೆಡ್ಡೆ ಬರುತ್ತದೆ. ಅದನ್ನೂ ಇದೇ ಸೂಜಿಯಿಂದ ಪತ್ತೆ ಹಚ್ಚಿ, ಇದೇ ವಿನ್‌ಕ್ರಿಸ್ಟಿನ್ನಿನಿಂದ ಗುಣಪಡಿಸುತ್ತಾರೆ, ಅದರಲ್ಲಿ ಬಹುಪಾಲು ನಾಯಿಗಳು ಪೂರ್ತಿ ವಾಸಿಯಾಗುತ್ತವೆ. ಒಂದೇ ಸೂಜಿ, ಒಂದೇ ಔಷಧಿ, ಆದರೆ ರೋಗ ಬೇರೆ, ಫಲವೂ ಬೇರೆ. ಹೆಸರು ಸರಿಯಾಗಿ ತಿಳಿಯುವುದು ಅದಕ್ಕೇ ಮುಖ್ಯ.

ಹಣದ ಮಾತು. ಪೂರ್ತಿ ಕೀಮೋಗೆ ಹಲವು ಸಾವಿರ ಡಾಲರ್ ಆಗುತ್ತದೆ. ನಾಯಿಗೆ ವಿಮೆ ಮಾಡಿಸುವುದಾದರೆ ಗಂಟು ಕಾಣುವ ಮೊದಲೇ ಮಾಡಿಸಬೇಕು. ಕಂಡ ಮೇಲೆ ಅದು ಮೊದಲೇ ಇದ್ದ ಕಾಯಿಲೆ ಎಂದು ಹೊರಗಿಡುತ್ತಾರೆ. ಮ್ಯಾನ್‌ಹಟನ್ನಿನ 62ನೇ ಬೀದಿಯಲ್ಲಿರುವ ಅನಿಮಲ್ ಮೆಡಿಕಲ್ ಸೆಂಟರ್ 1910ರಲ್ಲಿ ಹುಟ್ಟಿದ ಲಾಭರಹಿತ ಸಂಸ್ಥೆಯ ಮುಂದುವರಿಕೆ, ಅಲ್ಲಿ ಕ್ಯಾನ್ಸರ್ ತಜ್ಞರಿದ್ದಾರೆ. ನ್ಯೂಜೆರ್ಸಿಯಲ್ಲೂ ತಜ್ಞರಿರುವ ಆಸ್ಪತ್ರೆಗಳಿವೆ. ಹೊಸ ಔಷಧಿಗಳ ಪ್ರಯೋಗ ನಡೆಯುತ್ತಿದ್ದರೆ ಖರ್ಚಿನ ಒಂದು ಭಾಗವನ್ನು ಅವರೇ ನೋಡಿಕೊಳ್ಳುವುದೂ ಉಂಟು. ಕೇಳಿ ನೋಡಿ.

ಈ ಸಭೆಯಲ್ಲಿ ಇನ್ನೊಂದು ಮಾತು ಹೇಳದೆ ಇರಲಾರೆ. ನಮ್ಮಲ್ಲಿ ಎಚ್-1ಬಿ ಮೇಲೆ ಇರುವವರು ಬಹಳ. ಕೆಲಸ ಹೋದರೆ ಇಲ್ಲಿರಲು ಸಿಗುವುದು ಹೆಚ್ಚೆಂದರೆ 60 ದಿನ. ಅಂಥ ಹೊತ್ತಿನಲ್ಲಿ ನಾಯಿಗೆ ಲಿಂಫೋಮಾ ಬಂದರೆ ಆ ಮನೆಯಲ್ಲಿ ಎರಡು ಗಡಿಯಾರ ಒಟ್ಟಿಗೆ ಓಡುತ್ತಿರುತ್ತವೆ. ಆರು ತಿಂಗಳ ಕೀಮೋ ಬೇಡ, ಮಾತ್ರೆಯಲ್ಲೇ ಎರಡು ತಿಂಗಳು ಚೆನ್ನಾಗಿ ನೋಡಿಕೊಂಡು ಕಳಿಸಿಕೊಡುತ್ತೇವೆ ಎಂದು ಆ ಮನೆಯವರು ನಿರ್ಧರಿಸಿದರೆ ಅದು ಪ್ರೀತಿಯ ಕೊರತೆಯಲ್ಲ. ದಯವಿಟ್ಟು ಸಂಘದ ವಾಟ್ಸಾಪ್ ಗುಂಪಿನಲ್ಲಿ ಅವರಿಗೆ ಬುದ್ಧಿ ಹೇಳಲು ಹೋಗಬೇಡಿ. ಬೇಕಾದರೆ ಕಾರಿನಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಮಕ್ಕಳನ್ನು ಒಂದು ಸಂಜೆ ನಿಮ್ಮ ಮನೆಯಲ್ಲಿ ಇಟ್ಟುಕೊಳ್ಳಿ. ಯಾವ ನಿರ್ಧಾರವೂ ಸರಿಯೇ, ಅದು ತಿಳಿದು ಮಾಡಿದ್ದಾಗಿದ್ದರೆ. ತಿಳಿಯಲು ಬೇಕಾದದ್ದು ಒಂದು ಅಗುಳು.

ಮುಗಿಸುವ ಮೊದಲು ಒಂದು ಮನೆಕೆಲಸ. ತಿಂಗಳಿಗೊಮ್ಮೆ, ಸಂಬಳದ ದಿನ ಎಂದಿಟ್ಟುಕೊಳ್ಳಿ, ನಾಯಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಆ ಐದು ಜೊತೆ ಜಾಗಗಳನ್ನು ಬೆರಳಿನಿಂದ ಮುಟ್ಟಿ ನೋಡಿ. ಎಡಕ್ಕೂ ಬಲಕ್ಕೂ ಹೋಲಿಸಿ. ಸಹಜವಾಗಿದ್ದಾಗ ಹೇಗಿರುತ್ತದೆ ಎಂದು ನಿಮ್ಮ ಕೈಗೆ ಗೊತ್ತಿದ್ದರೆ, ಬದಲಾದಾಗ ಕೈಯೇ ಹೇಳುತ್ತದೆ. ಹೇಳಿದ ದಿನವೇ ಫೋನ್ ಮಾಡಿ ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳಿ, ಮಾತ್ರೆಗೆ ಮುಂಚೆ ಸೂಜಿ ಕೇಳಿ. ಉತ್ತರ ‘ಬರೀ ಸೋಂಕು’ ಎಂದು ಬಂದರೆ ಅಂದು ರಾತ್ರಿ ನೆಮ್ಮದಿಯಾಗಿ ನಿದ್ದೆ ಮಾಡುತ್ತೀರಿ. ಬೇರೆ ಉತ್ತರ ಬಂದರೂ ನಿಮ್ಮ ಕೈಯಲ್ಲಿ ಆಯ್ಕೆಗಳು ಇನ್ನೂ ಉಳಿದಿರುತ್ತವೆ.

ನಿಮ್ಮ ನಾಯಿಗಳಿಗೆಲ್ಲ ಆರೋಗ್ಯವಿರಲಿ. ಪ್ರಶ್ನೆಗಳಿದ್ದರೆ ಊಟದ ಹೊತ್ತಿನಲ್ಲಿ ಸಿಗುತ್ತೇನೆ.